ಕೋದಂಡದಿಂದ ಕುಶಲಪ್ರಶ್ನೆಯವರೆಗೆ

ಬೆಳಗಾವಿಯ ಪೇಟೆಯಿಂದ ಶಹಾಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರಿಗೆ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದು ಇಂದು ತಿಳಿಯುವುದಿಲ್ಲ. ಅಂಗಡಿಯ ಸಾಲಿಗೆ ಅಂಗಡಿಯ ಸಾಲು ಕೂಡಿಕೊಂಡುಬಿಟ್ಟಿದೆ. ಆದರೆ ೧೯೪೮ರವರೆಗೆ ಇವೆರಡರ ನಡುವೆ ಒಂದು ರಾಜ್ಯದ ಗಡಿಯೇ ಹಾಯ್ದು ಹೋಗಿತ್ತು. ಬೆಳಗಾವಿ ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ್ದು. ಶಹಾಪುರ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದು. ಶಹಾಪುರದ ಚಿಂತಾಮಣರಾವ್ ವಿದ್ಯಾಲಯವು ಆ ಸಂಸ್ಥಾನದ ನೆನಪನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ಆಳುವವರು ಬೇರೆ, ಖಾತೆ ಬೇರೆ, ಸಾಹೇಬರು ಬೇರೆ. ಆದರೂ ಗಡಿಯ ಈಚೆಗೂ ಆಚೆಗೂ ಶಾಲೆಯ ಒಳಗೆ ಒಂದು ವಸ್ತು ಮಾತ್ರ ಒಂದೇ ಆಗಿತ್ತು. ಅದು ಮಾಸ್ತರರ ಕೈಯಲ್ಲಿಯ ಛಡಿ. ಛಡಿಯ ಸಪ್ಪಳವಾದಲ್ಲಿ ವಿದ್ಯೆ ತಾನಾಗಿ ಬರುತ್ತದೆಂಬ ಅರ್ಥದ ಗಾದೆ ಇಲ್ಲಿಯ ಮರಾಠಿಗರಿಗೂ ಗೊತ್ತು, ಕನ್ನಡಿಗರಿಗೂ ಗೊತ್ತು.

ಆ ಛಡಿಗೆ ಈಗ ಕಾಯದೆಯ ಅಡ್ಡಿ ಬಂದಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಕೂಡದೆಂದು ಅದರ ೧೭ನೆಯ ಕಲಮು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಶಿಕ್ಷಕರು ನಾಲ್ಕು ಜನ ಕೂಡಿದಲ್ಲಿ ಒಂದು ಪ್ರಶ್ನೆ ಏಳುವುದುಂಟು: "ಕೋಲನ್ನು ಕಸಿದುಕೊಂಡಿರಿ, ಬರಿದಾದ ಕೈಗೆ ಏನು ಕೊಟ್ಟಿರಿ?" ಇದನ್ನು ಸೋಮಾರಿಗಳ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ದಿನವೂ ಜಗಳ ತೆಗೆಯುತ್ತಾನೆ, ಒಬ್ಬ ಹುಡುಗಿ ತಿಂಗಳಿನಿಂದ ಬಾಯಿಯನ್ನೇ ತೆರೆದಿಲ್ಲ. ಇವರೊಡನೆ ಹೇಗೆ ವರ್ತಿಸಬೇಕೆಂಬುದನ್ನು ಯಾರೂ ಕಲಿಸಿಕೊಡದಿದ್ದರೆ ಮಾಸ್ತರರು ಒಂದೋ ಗದರಿಸುತ್ತಾರೆ, ಇಲ್ಲವೇ ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ಎರಡರಿಂದಲೂ ನಷ್ಟವಾಗುವುದು ಮಗುವಿಗೇ. ಆದುದರಿಂದ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿದೆ. ಆ ಹುಡುಕಾಟಕ್ಕೆ ನಮ್ಮ ಸೀಮೆಯ ಶಿಕ್ಷಣದ ಚರಿತ್ರೆಯೇ ಸ್ವಲ್ಪ ಬೆಳಕು ಕೊಡುತ್ತದೆ.

೧೮೧೮ರ ವಸಂತದಲ್ಲಿ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿ ಅದನ್ನು ಪೇಶವೆಯವರ ಕಡೆಯವರಿಂದ ಗೆದ್ದುಕೊಂಡವನು ಥಾಮಸ್ ಮನ್ರೋ. ಅವನೇ ಮುಂದೆ ಮದರಾಸಿನ ಗವರ್ನರನಾದನು. ತನ್ನ ಇಲಾಖೆಯಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಏನು ಕಲಿಸುತ್ತಾರೆ ಎಂದು ಪ್ರತಿಯೊಬ್ಬ ಕಲೆಕ್ಟರನಿಂದಲೂ ೧೮೨೨ರಲ್ಲಿ ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಕೊಟ್ಟ ಉತ್ತರ ಆ ವರದಿಗಳಲ್ಲಿ ಬಹಳ ಪ್ರಸಿದ್ಧವಾದುದು. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡ ಶಾಲೆಗಳು. ಓದುವ ಮಕ್ಕಳು ಒಟ್ಟು ೬,೬೪೧.

ಕ್ಯಾಂಬೆಲ್ಲನು ಸಂಖ್ಯೆ ಕೊಟ್ಟು ಸುಮ್ಮನಾಗಲಿಲ್ಲ. ಶಾಲೆಯ ಬೆಳಗನ್ನೂ ಬಣ್ಣಿಸಿದನು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಹೀಗೆ ತಡವಾಗಿ ಬಂದಂತೆಲ್ಲ ಒಂದೊಂದು ಏಟು ಹೆಚ್ಚು. ಮೈಗಳ್ಳನಾದವನನ್ನು ಎರಡೂ ಕೈ ಕಟ್ಟಿ ತೊಲೆಗೆ ಎಳೆದು ತೂಗಿಬಿಡುತ್ತಿದ್ದರು. ಇಲ್ಲವೇ ಕೂತು ಏಳುವ ಶಿಕ್ಷೆ. ತೂಗಿಬಿಡುವ ಈ ಶಿಕ್ಷೆಯೇ ನಮ್ಮ ಹಿರಿಯರು ಹೇಳುತ್ತಿದ್ದ ಕೋದಂಡ. ಬಳ್ಳಾರಿಯ ಕೂಲಿಮಠವಾಗಲಿ ಬೆಳಗಾವಿ ಕಡೆಯ ಗಾವಠೀ ಶಾಲೆಯಾಗಲಿ ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿದ್ದವು.

ಇಷ್ಟನ್ನೇ ಓದಿದವರು ನಮ್ಮ ಹಳೆಯ ಶಾಲೆಗಳೆಲ್ಲ ಬಂದೀಖಾನೆಗಳಾಗಿದ್ದವೆಂದು ತಿಳಿದುಕೊಂಡಾರು. ಹಾಗಲ್ಲ. ಅದೇ ವರದಿಯಲ್ಲಿ ಕ್ಯಾಂಬೆಲ್ಲನು ಇನ್ನೊಂದು ಪದ್ಧತಿಯನ್ನು ಬಾಯಿ ತುಂಬ ಹೊಗಳಿದ್ದಾನೆ. ಮುಂದಿನ ಪಾಠ ಕಲಿತ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು. ಇದನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಅವನ ಮತ. ಈ ಪದ್ಧತಿಯನ್ನು ಮದರಾಸಿನ ಅನಾಥಾಲಯದ ಶಾಲೆಯಲ್ಲಿ ನಡೆಸಿ ವಿಲಾಯತಿಗೆ ಒಯ್ದವನು ಆ್ಯಂಡ್ರ್ಯೂ ಬೆಲ್ ಎಂಬ ಪಾದ್ರಿ. ಅಂದರೆ, ಒಂದೇ ಸೂರಿನ ಕೆಳಗೆ ಎರಡು ನಂಬಿಕೆಗಳು ಬಾಳುತ್ತಿದ್ದವು. ಮಗುವಿನ ದೋಷವನ್ನು ಏಟಿನಿಂದ ಕಳೆಯಬೇಕೆಂಬುದು ಒಂದು. ಮಗುವಿಗೆ ಗೊತ್ತಿರುವುದನ್ನು ಕೆಲಸಕ್ಕೆ ಹಚ್ಚಬೇಕೆಂಬುದು ಇನ್ನೊಂದು. ಮುಂದಿನ ಇನ್ನೂರು ವರ್ಷಗಳ ಶಿಕ್ಷಣದ ಕಥೆ ಈ ಎರಡು ನಂಬಿಕೆಗಳ ತಿಕ್ಕಾಟದ ಕಥೆಯೇ.

೧೮೫೪ರ ವುಡ್ ಸಾಹೇಬನ ಖಲೀತೆಯ ನಂತರ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆ ಹುಟ್ಟಿತು. ಮಾಸ್ತರರನ್ನು ತಯಾರು ಮಾಡಲು ಧಾರವಾಡದಲ್ಲಿ ನಾರ್ಮಲ್ ಶಾಲೆ ನಡೆಯಿತು. ಅದೇ ಬೆಳೆದು ಟ್ರೇನಿಂಗ್ ಕಾಲೇಜಾಯಿತು. ಆ ನಾರ್ಮಲ್ ಶಾಲೆಯ ಮುಖ್ಯರಾಗಿದ್ದು ಆಮೇಲೆ ಬೆಳಗಾವಿ ಸೀಮೆಯ ಶಾಲೆಗಳ ಡೆಪ್ಯುಟಿಯಾದವರು ಚನ್ನಬಸಪ್ಪನವರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡು ಅವರು ಇಂದಿಗೂ ಡೆಪ್ಯುಟಿ ಚನ್ನಬಸಪ್ಪನವರೇ ಆಗಿದ್ದಾರೆ. ಕನ್ನಡ ನಾಡಿನ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದ ಆ ಕಾಲದಲ್ಲಿ ಇನ್ಸ್‌ಪೆಕ್ಟರ್ ರಸೆಲ್ ಸಾಹೇಬರ ಬೆಂಬಲದಿಂದ ಅವರು ಕನ್ನಡ ಶಾಲೆಗಳನ್ನು ಬೆಳೆಸಿದ ಸಂಗತಿ ವಾಚಕರಿಗೆ ತಿಳಿದದ್ದೇ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಮತ್ತೊಂದು ಸಂಗತಿ.

೧೮೬೦ರ ದಶಕದಲ್ಲಿ ಬೆಳಗಾವಿಯಿಂದ 'ಮಠಪತ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಹೆಸರು ಕೇಳಿ ಇದು ಸ್ವಾಮಿಗಳ ಮಠದ ಪತ್ರಿಕೆಯೆಂದು ಭ್ರಮಿಸಬಾರದು. ಮಠವೆಂದರೆ ಆಗ ಶಾಲೆ. ಅದು ಮಾಸ್ತರರ ಪತ್ರಿಕೆ. ಚನ್ನಬಸಪ್ಪನವರು, ವೆಂಕಟ ರಂಗೋ ಕಟ್ಟಿಯವರು ಮೊದಲಾದವರ ಆಸ್ಥೆ ಅದರ ಬೆನ್ನಿಗಿತ್ತು. ಮುಂದೆ ಅದು ಹಲವು ಸಲ ಹೆಸರು ಬದಲಿಸಿಕೊಂಡು 'ಜೀವನ ಶಿಕ್ಷಣ'ವಾಯಿತು. ಹಳ್ಳಿಯ ಮೂಲೆಯಲ್ಲಿ ಒಬ್ಬನೇ ಕೂತ ಮಾಸ್ತರನಿಗೆ ತನ್ನಂಥವರು ಬೇರೆ ಕಡೆಯೂ ಇದ್ದಾರೆ, ತನ್ನ ಕಸುಬಿಗೂ ಒಂದು ಪತ್ರಿಕೆಯ ಮರ್ಯಾದೆ ಇದೆ ಎಂಬ ಧೈರ್ಯ ಅದರಿಂದ ಬಂದಿತು. ತರಬೇತಿಯೆಂದರೆ ಮೇಲಿನಿಂದ ಕೆಳಗೆ ಸುರಿಯುವ ಅಪ್ಪಣೆಯಷ್ಟೇ ಅಲ್ಲ, ಮಾಸ್ತರರನ್ನು ಅಕ್ಷರಸ್ಥ ಸಮಾಜದ ಸದಸ್ಯರೆಂದು ಗಣಿಸುವುದು ಎಂಬ ತಿಳಿವಳಿಕೆ ಆ ಪತ್ರಿಕೆಯ ಹಿಂದೆ ಇತ್ತೆಂದು ಧಾರಾಳವಾಗಿ ಹೇಳಬಹುದು.

ದುರ್ದೈವವೆಂದರೆ, ಸರಿಯಾಗಿ ಅದೇ ಹೊತ್ತಿಗೆ ಇದಕ್ಕೆ ವಿರುದ್ಧವಾದ ಇನ್ನೊಂದು ಗಾಳಿ ಬೀಸತೊಡಗಿತು. ೧೮೬೨ರಲ್ಲಿ ಇಂಗ್ಲೆಂಡಿನಲ್ಲಿ ಫಲಿತಾಂಶದ ಮೇಲೆ ಹಣ ಕೊಡುವ ಪದ್ಧತಿ ಜಾರಿಗೆ ಬಂದಿತು. ೧೮೬೫–೬೬ರಲ್ಲಿ ಮುಂಬಯಿ ಇಲಾಖೆಯೂ ಅದನ್ನು ಅನುದಾನಿತ ಶಾಲೆಗಳಿಗೆ ಹಚ್ಚಿತು. ಪರೀಕ್ಷಕರು ಬರುವರು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳುವರು. ಇಷ್ಟು ಮಕ್ಕಳು ಪಾಸಾದರೆ ಇಷ್ಟು ರೂಪಾಯಿ. ಹೀಗಾದ ಮೇಲೆ ತಪ್ಪು ಉತ್ತರ ಕೊಟ್ಟ ಹುಡುಗನು ಶಾಲೆಯ ಗಂಟು ಕಳೆದವನಾದನು. ಅವನ ಮೈಮೇಲೆ ಛಡಿ ಬಿದ್ದರೆ ಆಶ್ಚರ್ಯವೇನು? ಮಾಸ್ತರರ ತಪ್ಪನ್ನು ಸಾಹೇಬರು ಹುಡುಕುವರು, ಹುಡುಗರ ತಪ್ಪನ್ನು ಮಾಸ್ತರರು ಹುಡುಕುವರು. ೧೯೦೪ರ ಭಾರತ ಸರಕಾರದ ಶಿಕ್ಷಣ ನಿರ್ಣಯದ ಹೊತ್ತಿಗೆ ಈ ಪದ್ಧತಿ ಬಿದ್ದುಹೋಯಿತು. ಆದರೆ ಅದು ಕಲಿಸಿದ ಚಾಳಿ ಬೀಳಲಿಲ್ಲ. ಇನ್‌ಸ್ಪೆಕ್ಷನ್ ದಿನದ ಅಂಜಿಕೆ, ಮುಲ್ಕೀ ಪರೀಕ್ಷೆಯ ಹೊತ್ತಿನ ಬಡಿತ, ಫಲಿತಾಂಶ ಕಡಿಮೆಯಾದ ಶಾಲೆಗೆ ನೋಟೀಸು—ಇವೆಲ್ಲ ಅದರ ಮಕ್ಕಳು, ಮರಿಮಕ್ಕಳು.

ಈ ನಡುವೆ ಮಾಸ್ತರರು ತಾವಾಗಿಯೇ ಎದ್ದು ನಿಂತ ಪ್ರಸಂಗಗಳೂ ಇಲ್ಲದಿಲ್ಲ. ೧೯೧೬ರ ನವೆಂಬರ್ ೧೩ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಕಟ್ಟಿದವರು ಏಳು ಜನ ಶಿಕ್ಷಕರು; ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಒಂದು ಹೈಸ್ಕೂಲಿನಿಂದ ಹುಟ್ಟಿದ ಆ ಸಂಸ್ಥೆ ಇಂದು ಎಷ್ಟು ದೊಡ್ಡದಾಗಿದೆ ಎಂಬುದನ್ನು ಹೇಳಬೇಕಾದ್ದಿಲ್ಲ. ಶಿಕ್ಷಕನ ಕೈಗೆ ನಂಬಿಕೆ ಬಂದರೆ ಆ ಕೈ ಏನು ಮಾಡಬಲ್ಲದೆಂಬುದಕ್ಕೆ ಇದು ನಮ್ಮ ಊರಿನದೇ ಸಾಕ್ಷಿ.

ಮಕ್ಕಳ ಮನಸ್ಸೆಂಬುದು ಒಂದಿದೆ, ಅದಕ್ಕೂ ನೋವು ಇರುತ್ತದೆ, ಆ ನೋವು ತುಂಟತನದ ವೇಷದಲ್ಲಿ ಬರಬಹುದು ಎಂಬ ವಿಚಾರ ನಮ್ಮ ದೇಶದ ಶಿಕ್ಷಣದಲ್ಲಿ ಕಾಲಿಟ್ಟದ್ದು ತಡವಾಗಿ. ಬೆಳಗಾವಿಯು ಇನ್ನೂ ಮುಂಬಯಿ ಇಲಾಖೆಯಲ್ಲಿದ್ದಾಗ, ೧೯೩೭ರಲ್ಲಿ, ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆಯವರು ಮಕ್ಕಳ ಮನೋವೈದ್ಯಕ್ಕಾಗಿ ಒಂದು ಚಿಕಿತ್ಸಾಲಯ ತೆರೆದರು. ಆದರೆ ಮುಂಬಯಿಯ ಚಿಕಿತ್ಸಾಲಯ ಖಾನಾಪುರದ ಕಾಡಿನ ಅಂಚಿನ ಹುಡುಗನಿಗೆ ದಕ್ಕುವುದೆಂತು? ಬೆಳಗಾವಿಯು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ನಂತರ ನಮ್ಮ ಕಣ್ಣು ಬೆಂಗಳೂರಿನ ಕಡೆಗೆ ಹೊರಳಿತು. ಅಲ್ಲಿಯ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ವೈದ್ಯರು ಎಲ್ಲ ಶಾಲೆಗಳಿಗೂ ಹೋಗಲಾರರು, ಮಾಸ್ತರರನ್ನೇ ಸಿದ್ಧಪಡಿಸಬೇಕು ಎಂಬ ವಿಚಾರವನ್ನು ಅಲ್ಲಿಯ ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಅವರು ವರ್ಷಗಟ್ಟಲೆ ಪ್ರಯೋಗಿಸಿ ನೋಡಿ, ೧೯೯೭ರಲ್ಲಿ ಭಾರತದ ಶಾಲೆಗಳ ಮಾನಸಿಕ ಆರೋಗ್ಯವನ್ನು ಕುರಿತ ಗ್ರಂಥವನ್ನು ಹೊರತಂದರು.

ಆಮೇಲೆ ಅದೇ ಸಂಸ್ಥೆಯವರು ಹೈಸ್ಕೂಲು ಮಕ್ಕಳಿಗಾಗಿ ಜೀವನ ಕೌಶಲಗಳ ಪಾಠಕ್ರಮವನ್ನು ರಚಿಸಿದರು. ಪಾಠ ನಡೆಸಬೇಕಾದವರು ಹೊರಗಿನ ತಜ್ಞರಲ್ಲ, ತರಬೇತಿ ಪಡೆದ ಅಲ್ಲಿಯ ಶಿಕ್ಷಕರೇ. ೨೦೧೦ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ಗಮನಿಸಬೇಕು. ಒಂದು ವರ್ಷ ಈ ಪಾಠ ಕೇಳಿದ ೬೦೫ ಮಕ್ಕಳನ್ನು, ಕೇಳದಿದ್ದ ೪೨೩ ಮಕ್ಕಳೊಡನೆ ಹೋಲಿಸಿ ನೋಡಿದರು. ಆತ್ಮಗೌರವ, ಕಷ್ಟವನ್ನು ಎದುರಿಸುವ ಬಗೆ, ಶಾಲೆ ಮತ್ತು ಶಿಕ್ಷಕರೊಡನೆ ಹೊಂದಾಣಿಕೆ—ಇವುಗಳಲ್ಲಿ ಮೊದಲಿನ ಗುಂಪು ಮುಂದಿತ್ತು. ಆದರೆ ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿ, ಮನೆಯವರೊಡನೆ ಮತ್ತು ಓರಗೆಯವರೊಡನೆ ಹೊಂದಾಣಿಕೆಯಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ. ಮಾಸ್ತರರು ಬದಲಿಸಬಲ್ಲದ್ದು ಎಷ್ಟು, ಬದಲಿಸಲಾರದ್ದು ಎಷ್ಟು ಎಂಬುದನ್ನು ಈ ಲೆಕ್ಕ ಪ್ರಾಮಾಣಿಕವಾಗಿ ತೋರಿಸುತ್ತದೆ.

ಸರಿ, ಮಾಸ್ತರರು ಮಗುವಿನ ಎದುರು ಕೂತು ಆಡಬೇಕಾದ ಮಾತು ಯಾವುದು? ಇಲ್ಲಿ ಸ್ವಲ್ಪ ಹೊತ್ತು ನಮ್ಮ ಸೀಮೆಯನ್ನು ಬಿಟ್ಟು ಹೊರಗೆ ಹೋಗಬೇಕಾಗುತ್ತದೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ ೧೯೭೮ರಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಅವರ ಪತ್ನಿ, ಕೊರಿಯದಲ್ಲಿ ಹುಟ್ಟಿದ ಇನ್ಸೂ ಕಿಮ್ ಬರ್ಗ್ ಒಂದು ಸಲಹಾ ಕೇಂದ್ರವನ್ನು ತೆರೆದರು. ತೊಂದರೆಗೆ ಒಳಗಾದ ಕುಟುಂಬಗಳು ಅಲ್ಲಿಗೆ ಬರುತ್ತಿದ್ದವು. ಬಂದವರು ತಮ್ಮ ತೊಡಕುಗಳ ದೊಡ್ಡ ಪಟ್ಟಿಯನ್ನೇ ಬಿಚ್ಚುವುದು ಸಹಜ. ಆ ಪಟ್ಟಿಯ ಬೇರನ್ನು ಅಗೆಯುತ್ತ ಕೂಡದೆ, ಅವರು ಒಂದು ಸಣ್ಣ ಕೆಲಸ ಹಚ್ಚಿ ಕಳಿಸತೊಡಗಿದರು: ಮುಂದಿನ ಭೇಟಿಯ ತನಕ ನಿಮ್ಮ ಮನೆಯಲ್ಲಿ ನಡೆಯುವುದರಲ್ಲಿ ಯಾವುದು ಹೀಗೆಯೇ ಮುಂದುವರಿಯಲಿ ಎನ್ನಿಸುತ್ತದೆಯೋ ಅದನ್ನು ಗಮನಿಸಿಕೊಂಡು ಬನ್ನಿ. ಅನೇಕರು ಮರಳಿ ಬಂದಾಗ ಬರೀ ಗಮನಿಸಿರಲಿಲ್ಲ, ಸುಧಾರಿಸಿಯೂ ಇದ್ದರು. ಇದರಿಂದ ಬೆಳೆದುದೇ ಪರಿಹಾರಕ್ಕೆ ಮುಖ ಮಾಡಿದ ಸಂವಾದ ಪದ್ಧತಿ. ಚಿಕ್ಕದಾಗಿ ಪರಿಹಾರಮುಖಿ ಪದ್ಧತಿ.

ಅದರ ಸಲಕರಣೆಗಳು ನಾಲ್ಕೇ ನಾಲ್ಕು. ಒಂದು, ತೊಂದರೆ ಇಲ್ಲದ ಅಥವಾ ಕಡಿಮೆಯಿದ್ದ ಗಳಿಗೆ ಯಾವುದೆಂದು ಹುಡುಕುವುದು. ಎರಡು, ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಇಂದು ಎಲ್ಲಿದ್ದೀ, ಒಂದು ಮೆಟ್ಟಲು ಮೇಲೇರಿದರೆ ಏನು ಕಾಣುವುದು ಎಂದು ಕೇಳುವುದು. ಮೂರು, ರಾತ್ರಿ ನಿದ್ದೆಯಲ್ಲಿದ್ದಾಗ ಪವಾಡವಾಗಿ ಈ ತೊಡಕು ಮಾಯವಾಗಿದ್ದರೆ ಬೆಳಗ್ಗೆ ನಿನಗೆ ಯಾವುದರಿಂದ ಗೊತ್ತಾದೀತು ಎಂದು ಕೇಳುವುದು. ನಾಲ್ಕು, ಕಂಡದ್ದನ್ನು ಕಂಡಂತೆ ಮೆಚ್ಚುವುದು. ೨೦೦೨ರಲ್ಲಿ ಇನ್ಸೂ ಬರ್ಗ್ ಅವರು ಲೀ ಶಿಲ್ಟ್ಸ್ ಎಂಬವರೊಡನೆ ಇದನ್ನು ಫ್ಲಾರಿಡಾದ ಶಾಲೆಗಳಿಗೆ ತಂದರು. ತರಬೇತಾದ ಒಬ್ಬರು ತರಗತಿಯ ಹಿಂದೆ ಕೂತು ಮಕ್ಕಳೂ ಶಿಕ್ಷಕರೂ ಸರಿಯಾಗಿ ಮಾಡುತ್ತಿರುವುದನ್ನು ಬರೆದುಕೊಳ್ಳುವರು. ಕೊನೆಯಲ್ಲಿ ಎಲ್ಲರ ಎದುರಿಗೆ ಓದಿ ಹೇಳುವರು. ಆಮೇಲೆ ಮಕ್ಕಳೂ ಶಿಕ್ಷಕರೂ ಕೂಡಿ ತಮ್ಮ ತರಗತಿಯ ಅಳತೆಯನ್ನು ತಾವೇ ಹಾಕಿಕೊಳ್ಳುವರು. ಇದನ್ನು ಓದಿದಾಗ ಇನ್‌ಸ್ಪೆಕ್ಷನ್ ದಿನದ ನಮ್ಮ ಶಾಲೆಗಳು ನೆನಪಾಗದಿರಲಾರವು! ಅಲ್ಲಿಯೂ ಹಿಂದೆ ಕೂತು ಬರೆದುಕೊಳ್ಳುವವರಿದ್ದರು. ಬರೆದುಕೊಳ್ಳುತ್ತಿದ್ದುದು ಮಾತ್ರ ಬೇರೆ.

ನಮ್ಮ ಶಹಾಪುರದಲ್ಲಿ ಇದು ಹೇಗೆ ಕಂಡೀತೆಂದು ಊಹಿಸೋಣ. ಮಗ್ಗದ ಮನೆಯ ಹುಡುಗನೊಬ್ಬ ವಾರದಲ್ಲಿ ಎರಡೇ ದಿನ ಶಾಲೆಗೆ ಬರುತ್ತಾನೆಂದು ತಿಳಿಯಿರಿ. "ನಾಕು ದಿನಾ ಯಾಕ ಬರಲಿಲ್ಲೋ?" ಎಂದು ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ, ಇಲ್ಲವೇ ಒಂದು ಸುಳ್ಳು ಹೇಳುತ್ತಾನೆ. "ಎರಡು ದಿನಾ ಬಂದೀಯಲ್ಲಾ, ಅವತ್ತ ಹೆಂಗ ಬರಾಕ ಆತು?" ಎಂದು ಕೇಳಿ ನೋಡಿರಿ. "ಅವತ್ತ ಅಜ್ಜಿ ಲಗೂನ ಎಬ್ಬಿಸಿದ್ಲರೀ ಸರ್" ಎಂದಾನು. ಅಲ್ಲಿಗೆ ಒಂದು ಎಳೆ ಕೈಗೆ ಸಿಕ್ಕಿತು. ಅಜ್ಜಿಯೊಡನೆ ಮಾತಾಡಬಹುದು; ಎರಡು ದಿನವನ್ನು ಮೂರು ಮಾಡುವುದು ಹೇಗೆಂದು ಹುಡುಗನನ್ನೇ ಕೇಳಬಹುದು. ಶಹಾಪುರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನಲ್ಲಿ ಎಳೆ ಕಡಿದರೆ ಅವರು ಸೀರೆಯನ್ನು ಬಯ್ಯುತ್ತ ಕೂಡುವುದಿಲ್ಲ. ಗಟ್ಟಿಯಾಗಿ ಉಳಿದ ತುದಿಯನ್ನು ಹುಡುಕಿ ಗಂಟು ಹಾಕಿ ನೇಯ್ಗೆಯನ್ನು ಮುಂದುವರಿಸುತ್ತಾರೆ.

ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಸಾರುವವರ ಮಾತನ್ನು ನಂಬಬಾರದು. ೨೦೧೩ರಲ್ಲಿ ಇಬ್ಬರು ವಿದ್ವಾಂಸರು ಈ ಪದ್ಧತಿಯ ಮೇಲೆ ನಡೆದ ೪೩ ಅಧ್ಯಯನಗಳನ್ನು ತೂಗಿ ನೋಡಿ, ೩೨ರಲ್ಲಿ ಗಣನೀಯ ಪ್ರಯೋಜನ ಕಂಡಿತೆಂದರು. ಉಳಿದವುಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಮಗುವಿನ ಮೇಲೆ ಯಾರಾದರೂ ಲೈಂಗಿಕ ಅತ್ಯಾಚಾರ ನಡೆಸುತ್ತಿದ್ದರೆ, "ಒಳ್ಳೆಯ ದಿನ ಯಾವುದು?" ಎಂದು ಕೇಳುತ್ತ ಕೂಡುವುದು ಕ್ರೌರ್ಯ. ೨೦೧೨ರ ಪೋಕ್ಸೋ ಕಾಯದೆಯಂತೆ ಅದನ್ನು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ಸಾಯುವ ಮಾತಾಡುವ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು; ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆ ಪ್ರತಿಯೊಬ್ಬ ಶಿಕ್ಷಕರಿಗೂ ಬಾಯಿಪಾಠವಾಗಿರಬೇಕು. ಮನೆಯಲ್ಲಿ ಹಿಟ್ಟಿಲ್ಲದ ಮಗುವಿಗೆ ಮೆಚ್ಚುಗೆಯ ಮಾತು ಊಟವಾಗುವುದಿಲ್ಲ. ಯಾವುದು ತನ್ನ ಕೈಯಲ್ಲಿ ಆಗುವುದಿಲ್ಲವೋ ಅದನ್ನು ಗುರುತಿಸುವುದೂ ತರಬೇತಿಯ ಒಂದು ಭಾಗವೇ.

ಇನ್ನು ತರಬೇತಿಯ ವಿಷಯ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಹುಟ್ಟಿದ ನಲಿ-ಕಲಿ ಪದ್ಧತಿ ಜೀವ ಹಿಡಿದದ್ದು, ಅದರ ಪಾಠದ ಪಟಗಳನ್ನು ಮಾಸ್ತರರೇ ಕೂತು ರಚಿಸಿದ್ದರಿಂದ. ರಾಜ್ಯಕ್ಕೆಲ್ಲ ಅದನ್ನು ಆಜ್ಞೆಯಾಗಿ ಹಂಚಿದಾಗ ಎಷ್ಟೋ ಕಡೆ ಪಟಗಳು ತಲುಪಿದವು, ನಲಿವು ತಲುಪಲಿಲ್ಲ. ಪರಿಹಾರಮುಖಿ ಪದ್ಧತಿಗೂ ಈ ಅಪಾಯ ತಪ್ಪಿದ್ದಲ್ಲ. ಎರಡು ದಿನ ಸಭಾಗೃಹದಲ್ಲಿ ಕೂಡಿಸಿ, ನಾಲ್ಕು ಪ್ರಶ್ನೆಗಳನ್ನು ಉರು ಹೊಡೆಸಿ, ಹಾಜರಿಯ ಸಹಿ ಮಾಡಿಸಿಕೊಂಡು ಕಳಿಸಿದರೆ, ಮಾಸ್ತರರು ಆ ಪ್ರಶ್ನೆಗಳನ್ನು ಮಗುವಿನ ಮೇಲೆ ಹೊಸ ಛಡಿಯಂತೆ ಬೀಸಿಯಾರು. "ಹತ್ತರಲ್ಲಿ ನೀನು ಎಷ್ಟು? ಬರೀ ಎರಡೇ?" ಎಂದು ತರಗತಿಯ ಎದುರಿಗೆ ಕೇಳಿದರೆ ಅದು ಕೋದಂಡಕ್ಕಿಂತ ಕಡಿಮೆ ನೋವಿನದಲ್ಲ. ತನ್ನ ಬಗ್ಗೆ ಯಾರೂ ಒಳ್ಳೆಯದನ್ನು ಕೇಳದ ಮನುಷ್ಯನು ಇನ್ನೊಬ್ಬರನ್ನು ಒಳ್ಳೆಯದರ ಬಗ್ಗೆ ಕೇಳಲಾರನು. ಮಠಪತ್ರಿಕೆಯ ಕಾಲ ಮತ್ತು ಫಲಿತಾಂಶಕ್ಕೆ ರೂಪಾಯಿ ತೂಗಿದ ಕಾಲ, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ಮನವರಿಕೆಯಾಗುತ್ತದೆ.

ಖಾನಾಪುರದ ಕಾಡಿನ ಸೆರಗಿನಲ್ಲಿ ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳುಂಟು. ಶಹಾಪುರದ ಓಣಿಗಳಲ್ಲಿ ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಆಡುವ ಮಕ್ಕಳುಂಟು. ಇಂಥ ಕಡೆ ದುಡಿಯುವ ಮಾಸ್ತರರೂ ಅಕ್ಕೋರೂ ಎಷ್ಟೋ ಮಕ್ಕಳನ್ನು ಯಾವ ತರಬೇತಿಯೂ ಇಲ್ಲದೆ, ತಮ್ಮ ತಿಳಿವಳಿಕೆಯಿಂದಲೇ ಶಾಲೆಯಲ್ಲಿ ಉಳಿಸಿಕೊಂಡಿರುತ್ತಾರೆ. ಮುಂದಿನ ಸಲ ಅವರನ್ನು ತರಬೇತಿಗೆ ಕರೆದಾಗ, ಯಾವ ಶಾಲೆಯ ಫಲಿತಾಂಶ ಎಷ್ಟು ಕುಸಿಯಿತೆಂಬ ಪಟ್ಟಿಯನ್ನು ಮೊದಲು ಓದುವುದು ಬೇಡ. "ಬಿಟ್ಟು ಹೋಗಬೇಕಾಗಿದ್ದ ಯಾವ ಮಗು ನಿಮ್ಮಲ್ಲಿ ಉಳಿಯಿತು? ಅದಕ್ಕಾಗಿ ನೀವು ಏನು ಮಾಡಿದಿರಿ?" ಎಂದು ಒಬ್ಬೊಬ್ಬರನ್ನೇ ಕೇಳಲಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಲಿ. ಬರಿದಾದ ಕೈಗೆ ಏನು ಕೊಟ್ಟಿರಿ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಂದ ಮೊದಲಾಗುವುದು.